ಕ್ಯಾಮೆರಾದೆದುರಿನ ಸೋಫಾ

ನಮ್ಮ ಮನೆಯ ಕ್ಯಾಮೆರಾಕ್ಕೆ ವೈರ್‌ಲೆಸ್ ಎಂದು ಹೆಸರು. ಆದರೂ ಅದರ ಬೆನ್ನಿನಿಂದ ಒಂದು ಬಿಳಿ ವೈರು ಇಳಿದು, ಶೋಕೇಸಿನ ಹಿಂದೆ ನುಸುಳಿ, ಟಿವಿಯ ಪಕ್ಕದ ಪ್ಲಗ್ಗಿಗೆ ಬಂದು ಸೇರುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ನಾನು ಮೊದಲ ದಿನವೇ ಹೇಳಿದೆ. ಯಾರೂ ನಗಲಿಲ್ಲ. ನನ್ನ ಮಾತಿಗೆ ನಗುವ ಪದ್ಧತಿ ಈ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದಲೂ ಇಲ್ಲ, ಅದಕ್ಕೆ ನನಗೆ ಬೇಜಾರೂ ಇಲ್ಲ.

ಮನೆ ಎಂದರೆ ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ನಾಲ್ಕನೇ ಮಹಡಿಯ ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಅಡುಗೆಮನೆಯಾಚೆ ಬಾಲ್ಕನಿ ಎಂದು ಬಿಲ್ಡರ್ ಕರೆದ, ನಾವು ವಾಷಿಂಗ್ ಮೆಷಿನ್ ಇಟ್ಟಿರುವ ಒಂದು ಚೂರು ಜಾಗ. ಇರುವವರು ನಾಲ್ಕು ಜನ. ನನ್ನವರು ಶಹಾಡ್ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ, ಬರುವುದು ಒಂಬತ್ತಕ್ಕೆ. ಮಗಳು ಕಾಲೇಜು ಮುಗಿಸಿ ಬಂದು ಬೆಡ್‌ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕೆ ಮಾತ್ರ ತೆಗೆಯುವುದು. ಅತ್ತೆ ಹಾಲ್‌ನ ದಿವಾನದ ಮೇಲೆ. ನಾನು ಥಾಣೆಯ ಒಂದು ಕಚೇರಿಯಲ್ಲಿ ದಿನವಿಡೀ ಜನರ ಅರ್ಜಿಗಳನ್ನು ತಿದ್ದಿ, ಸಂಜೆ ಲೋಕಲ್‌ನಲ್ಲಿ ನಿಂತು, ಶೇರ್ ರಿಕ್ಷಾದ ಕ್ಯೂನಲ್ಲಿ ನಿಂತು, ತರಕಾರಿಯವನ ಎದುರು ನಿಂತು, ಏಳೂ ನಲವತ್ತಕ್ಕೆ ಮನೆ ಮುಟ್ಟುತ್ತೇನೆ. ಹಾಗಾಗಿ ಕುಳಿತುಕೊಳ್ಳುವುದು ನನಗೆ ಸಣ್ಣ ವಿಷಯವಲ್ಲ.

ಕ್ಯಾಮೆರಾ ಬರುವ ಮೊದಲು ನನ್ನ ಸಂಜೆಗೆ ಒಂದು ಕ್ರಮವಿತ್ತು. ಚೀಲ ಇಟ್ಟು, ಕಾಲು ತೊಳೆದು, ಹಾಲ್‌ನ ಸೋಫಾದ ಮೇಲೆ ಕೂತು, ಕಾಲನ್ನು ಟೀಪಾಯಿಯ ಮೇಲೆ ಚಾಚಿ, ಇಪ್ಪತ್ತು ನಿಮಿಷ ಏನೂ ಮಾಡದೆ ಇರುತ್ತಿದ್ದೆ. ನಿದ್ದೆಯಲ್ಲ, ಟಿವಿಯಲ್ಲ, ಫೋನಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಎದುರು ದಿವಾನದ ಮೇಲೆ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಎಂಟಕ್ಕೆ ನಾನು ಎದ್ದು ಒಲೆ ಹಚ್ಚುತ್ತಿದ್ದೆ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಅಷ್ಟೇ.

ಅತ್ತೆಗೂ ನನಗೂ ಭಾರಿ ಪ್ರೀತಿ ಎಂದು ಹೇಳಿದರೆ ಸುಳ್ಳಾದೀತು. ಅವರು ಉಡುಪಿಯ ಕಡೆಯವರು, ನಾನು ಹುಬ್ಬಳ್ಳಿಯವಳು. ನಾನು ಮಾಡಿದ ಹುಳಿಗೆ ಬೆಲ್ಲ ಸಾಲದು ಎಂದು ಅವರೂ, ಅವರು ಮಾಡಿದ್ದು ಪಾಯಸವೋ ಹುಳಿಯೋ ತಿಳಿಯದು ಎಂದು ನಾನೂ ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದೇವೆ. ಅವರು ಮಕ್ಕಳೊಡನೆ ತುಳು ಆಡುತ್ತಾರೆ, ನನ್ನೊಡನೆ ಕನ್ನಡ. ಈ ಎಂಬತ್ತೊಂದರ ವಯಸ್ಸಿನಲ್ಲೂ ಬೆಳಗಿನ ಸ್ನಾನ, ಮಡಿ, ಪೂಜೆ, ಮಡಿಯಲ್ಲೇ ಮಧ್ಯಾಹ್ನದ ಅಡುಗೆ, ಒಂದನ್ನೂ ಬಿಟ್ಟವರಲ್ಲ. ಒಗೆದು ಹರವಿದ ಆ ಮಡಿ ಸೀರೆಯನ್ನು ಅವರ ಹೊರತು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಅದು ಮೈಲಿಗೆ, ಮತ್ತೆ ಒಗೆಯಬೇಕು. ಬಾಲ್ಕನಿಯ ಎತ್ತರದ ಹಗ್ಗಕ್ಕೆ ಸೀರೆಯನ್ನು ಏರಿಸಲು, ಇಳಿಸಲು ಒಂದು ಉದ್ದದ ಬಿದಿರ ಕೋಲಿದೆ. ನಮ್ಮ ಕಡೆ ಅದನ್ನು ಮಡಿಕೋಲು ಎನ್ನುತ್ತೇವೆ. ಅದನ್ನು ಹಿಡಿಯುವ ಹಕ್ಕೂ ಅವರೊಬ್ಬರದೇ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯ ಒದ್ದೆ ನೆಲದ ಮೇಲೆ ಜಾರಿದರು. ಮೂಳೆ ಮುರಿಯಲಿಲ್ಲ. ಆದರೆ ಏಳಲು ಆಗದೆ, ಮಗಳು ಕಾಲೇಜಿನಿಂದ ಬರುವ ತನಕ ಎರಡು ಗಂಟೆ ಅಲ್ಲೇ ಕೂತಿದ್ದರು. ಮೈಲಿಗೆಯಾಗಬಾರದೆಂದು ಸೀರೆಯ ಸೆರಗನ್ನು ಮಡಿಲಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದರಂತೆ. ಇದನ್ನು ಕೇಳಿ ನನ್ನವರ ಅಕ್ಕ ನವಿ ಮುಂಬಯಿಯ ನೆರೂಳದಿಂದ ಅಳುತ್ತ ಫೋನು ಮಾಡಿದರು. ಅವರನ್ನು ನಾನೂ ಅಕ್ಕ ಎಂದೇ ಕರೆಯುವುದು. ಮರುವಾರವೇ ಅವರು ಕಳಿಸಿದ ಕ್ಯಾಮೆರಾ ಮನೆಗೆ ಬಂತು. ಮಗಳು ಅದನ್ನು ವೈಫೈಗೆ ಸೇರಿಸಿ, ನಮ್ಮ ಮೂವರ ಫೋನಿಗೂ ನೆರೂಳದ ಅಕ್ಕನ ಫೋನಿಗೂ ಆ್ಯಪ್ ಹಾಕಿಕೊಟ್ಟಳು. ಶೋಕೇಸಿನ ತಲೆಯ ಮೇಲೆ ಕೂತ ಅದಕ್ಕೆ ದಿವಾನ, ಅಡುಗೆಮನೆಯ ಬಾಗಿಲು, ಅದರಾಚೆಯ ಕಟ್ಟೆ, ಈಚೆಯ ಸೋಫಾ ಎಲ್ಲವೂ ಕಾಣುತ್ತಿತ್ತು.

ಅತ್ತೆಗೆ ಮೊದಲು ಅದು ಏನೆಂದೇ ಅರ್ಥವಾಗಲಿಲ್ಲ, ಅಥವಾ ನಾವು ಹಾಗೆ ತಿಳಿದೆವು. ಒಂದು ದಿನ ಅದರೊಳಗಿಂದ ಅಕ್ಕನ ಸ್ವರ "ಅಮ್ಮಾ" ಎಂದಾಗ ಅವರು ಬಾಗಿಲು ತೆರೆದು ಲಿಫ್ಟಿನ ತನಕ ಹೋಗಿ ನೋಡಿ ಬಂದರು. ಗೋಡೆಗೆ ಕಿವಿ ಇರುತ್ತದೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಗೋಡೆಗೆ ಕಣ್ಣು, ಬಾಯಿ ಎರಡೂ ಬಂದಿದ್ದವು. ಆಮೇಲೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಮಡಿ ಉಟ್ಟುಕೊಳ್ಳುವಾಗಲೂ ಇದು ನೋಡುತ್ತದೆಯೇ ಎಂದು. ಎಲ್ಲರಿಗೂ ನಾಚಿಕೆಯಾಯಿತು. ಮಗಳು ಕೂಡಲೇ ಆರರಿಂದ ಒಂಬತ್ತರ ವರೆಗೆ ಕ್ಯಾಮೆರಾ ತಾನಾಗಿ ಮಲಗುವಂತೆ ಮಾಡಿದಳು.

ಹೀಗೆ ಅತ್ತೆಗೆ ಬೆಳಗಿನ ಮೂರು ಗಂಟೆ ಸಿಕ್ಕಿತು. ಸಂಜೆಯ ಇಪ್ಪತ್ತು ನಿಮಿಷ ನನಗೂ ಕೊಡಿ ಎಂದು ಕೇಳಲು ನನ್ನ ಹತ್ತಿರ ಅಂಥ ಮರ್ಯಾದಸ್ಥ ಕಾರಣ ಇರಲಿಲ್ಲ. ಮಡಿಗೆ ಶಾಸ್ತ್ರವಿದೆ. ದಣಿವಿಗೆ ಯಾವ ಶಾಸ್ತ್ರವಿದೆ?

ಮೊದಲ ವಾರ ನಾನು ಎಂದಿನಂತೆಯೇ ಕೂತೆ. ಐದು ನಿಮಿಷವಾಗಿರಬೇಕು, ಕ್ಯಾಮೆರಾದ ನೀಲಿ ದೀಪ ಮಿನುಗಿ ಅಕ್ಕನ ಸ್ವರ ಬಂತು. "ಬಂದ್ಯಾ? ಟ್ರೇನ್ ತುಂಬಾ ರಶ್ ಇತ್ತಾ?" ಅಷ್ಟೇ ಕೇಳಿದ್ದು, ಪ್ರೀತಿಯಿಂದಲೇ. ನಾನು ಟೀಪಾಯಿಯಿಂದ ಕಾಲು ಕೆಳಗಿಳಿಸಿ ಎದ್ದು ನಿಂತು, ಈಗಷ್ಟೇ ಬಂದೆ ಎಂದೆ. ಮರುದಿನ ಅಮ್ಮನ ಬಿಪಿ ಮಾತ್ರೆಯ ವಿಚಾರ. ಇನ್ನೊಂದು ದಿನ, ಅಮ್ಮ ರಾತ್ರಿಗೆ ಏನು ತಿನ್ನುತ್ತಾರೆ ಎಂದು. ಒಂದು ಮಾತಿನಲ್ಲೂ ಮುಳ್ಳಿರಲಿಲ್ಲ. ಮುಳ್ಳಿದ್ದಿದ್ದರೆ ಕಿತ್ತು ತೋರಿಸಬಹುದಿತ್ತು. ನಾನೋ ಸ್ವರ ಕೇಳಿದ ಕೂಡಲೇ ಎದ್ದು ನಿಲ್ಲುತ್ತಿದ್ದೆ. ಆಮೇಲಾಮೇಲೆ ಸ್ವರ ಬರುವ ಮೊದಲೇ ಏಳತೊಡಗಿದೆ. ಕೊನೆಗೆ ಕೂರುವುದನ್ನೇ ಬಿಟ್ಟೆ. ಚೀಲ ಇಟ್ಟವಳೇ ಅಡುಗೆಮನೆಗೆ ಹೋಗಿ, ಮಾಡಲು ಏನೂ ಇಲ್ಲದಿದ್ದರೂ ಕಟ್ಟೆ ಒರೆಸುತ್ತಿದ್ದೆ. ನಮ್ಮ ಕಟ್ಟೆ ಅಷ್ಟು ಚೊಕ್ಕವಾಗಿ ಎಂದೂ ಇರಲಿಲ್ಲ.

ನನ್ನವರಿಗೆ ಒಮ್ಮೆ ಹೇಳಿ ನೋಡಿದೆ. ಅದನ್ನು ಅಕ್ಕ ಅಮ್ಮನನ್ನು ನೋಡಲಿಕ್ಕೆ ಹಾಕಿದ್ದಲ್ಲವಾ, ನಿನಗೆ ಯಾಕೆ ಅದು ಎಂದರು. ಬೇಕಾದರೆ ಬೆಡ್‌ರೂಮಿನಲ್ಲಿ ಕೂತುಕೋ ಎಂದೂ ಹೇಳಿದರು. ಬೆಡ್‌ರೂಮಿನಲ್ಲಿ ಮಗಳ ಲ್ಯಾಪ್‌ಟಾಪು, ಅವಳ ಗೆಳತಿಯರ ಸ್ವರಗಳು, ಮಂಚದ ತುಂಬ ಪುಸ್ತಕ. ಅಲ್ಲಿ ನಾನು ಒಂದು ದಿನ ಮಂಚದ ತುದಿಯಲ್ಲಿ ಕೂತಾಗ ಮಗಳು ಮೂರು ಸಲ "ಕ್ಯಾ ಹುವಾ ಮಮ್ಮಿ, ತಬಿಯತ್ ಠೀಕ್ ಹೈ ನಾ" ಎಂದು ಕೇಳಿದಳು. ಆರೋಗ್ಯವಂತಳಾಗಿ ಸುಮ್ಮನೆ ಕೂರುವ ಜಾಗ ಆ ಕೋಣೆಯಾಗಿರಲಿಲ್ಲ.

ಕ್ಯಾಮೆರಾದಿಂದ ನನಗಾದ ಇನ್ನೊಂದು ಉಪಕಾರ ಎಂದರೆ ಫೋನು. ಮನೆಯಲ್ಲಿ ಏನು ಅಲ್ಲಾಡಿದರೂ ಅದು ಟಣ್ ಎನ್ನುತ್ತಿತ್ತು. ಕ್ಯಾಲೆಂಡರಿನ ಹಾಳೆ ಹಾರಿದರೆ ಟಣ್, ಕಿಟಕಿಯ ಗ್ರಿಲ್ಲಿಗೆ ಪಾರಿವಾಳ ಬಂದು ಕೂತರೆ ಟಣ್. ಮನುಷ್ಯ ಕಾಣಿಸಿದ್ದಾನೆ ಎಂದು ಬರೆದು ಪಾರಿವಾಳದ ಫೋಟೋ ಕಳಿಸುತ್ತಿತ್ತು. ಆದರೂ ಪ್ರತಿ ಸಲ ಎದೆ ಧಸಕ್ ಎನ್ನುತ್ತಿತ್ತು, ಅತ್ತೆ ಬಿದ್ದರೇನೋ ಎಂದು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು ಹಿಡಿದು ನಾನು ನೋಡುತ್ತಿದ್ದುದು ಬಹುಪಾಲು ಪಾರಿವಾಳಗಳನ್ನೇ.

ಹೀಗೆ ಎರಡು ತಿಂಗಳು ಹೋಯಿತು. ಆಮೇಲೆ ಸೀರೆ ಶುರುವಾಯಿತು.

ಮಳೆಗಾಲದಲ್ಲಿ ಬಟ್ಟೆ ಒಣಗಿಸಲೆಂದು ನಮ್ಮ ಹಾಲ್‌ನಲ್ಲಿ ಅಡ್ಡಕ್ಕೆ ಒಂದು ನೈಲಾನ್ ಹಗ್ಗ ಕಟ್ಟಿದ್ದೇವೆ. ಒಂದು ಸಂಜೆ ಮನೆಗೆ ಬಂದಾಗ ಬಾಲ್ಕನಿಯಲ್ಲಿರಬೇಕಾದ ಅತ್ತೆಯ ಮಡಿ ಸೀರೆ ಆ ಹಗ್ಗದ ಮೇಲೆ, ಶೋಕೇಸಿಗೆ ಸರಿಯಾಗಿ ಎದುರಾಗಿ ಇಳಿಬಿದ್ದಿತ್ತು. ಇಟ್ಟಿಗೆ ಬಣ್ಣದ ನೂಲಿನ ಸೀರೆ. ಯಾಕೆಂದು ಕೇಳಿದರೆ, ಹೊರಗೆ ಕೆಮಿಕಲ್ ವಾಸನೆ ಬರುತ್ತದೆ, ಸೀರೆಗೆ ಹಿಡಿಯುತ್ತದೆ ಎಂದರು. ವಾಸನೆ ಬರುವುದು ನಿಜ. ಡೊಂಬಿವಲಿಯಲ್ಲಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚುವುದು ಎಲ್ಲರಿಗೂ ಅಭ್ಯಾಸವಾಗಿದೆ. ನಾನು ಮುಂದೆ ಕೇಳಲಿಲ್ಲ. ಆ ದಿನ ಹತ್ತು ನಿಮಿಷ ಸೋಫಾದ ಮೇಲೆ ಕೂತೆ. ಯಾವ ಸ್ವರವೂ ಬರಲಿಲ್ಲ.

ಮರುದಿನವೂ ಸೀರೆ. ಅದರ ಮರುದಿನವೂ. ನೆರೂಳದಿಂದ ನನ್ನ ಮೊಬೈಲಿಗೆ ಫೋನು ಬರತೊಡಗಿತು. ಏನೂ ಕಾಣುತ್ತಿಲ್ಲ, ಬರೀ ಕೆಂಪು ಕಾಣುತ್ತದೆ, ಅಮ್ಮ ಬಿದ್ದರೆ ಹೇಗೆ ಗೊತ್ತಾಗಬೇಕು ಎಂದು. ಮಗಳು ನೋಡಿ "ಮಮ್ಮಿ, ಅಜ್ಜೀ ಕೋ ಬೋಲೋ ನಾ, ಉಧರ್ ಮತ್ ಡಾಲೋ" ಎಂದಳು. ಅಲ್ಲಿ ಹಾಕಬೇಡಿ ಎಂದು ಅಜ್ಜಿಗೆ ಹೇಳಬೇಕಾದದ್ದನ್ನು ಅವಳು ನನಗೆ ಹಿಂದಿಯಲ್ಲಿ ಹೇಳುತ್ತಾಳೆ, ನಾನು ಕನ್ನಡ ಮಾಡಿ ಮುಟ್ಟಿಸಬೇಕು. ಒಂದು ದಿನ ಬೇಗ ಬಂದ ನನ್ನವರು ಸೀರೆಯನ್ನು ಒಂದು ಗೇಣು ಸರಿಸಲೆಂದು ಕೈ ಎತ್ತಿ, ಅತ್ತೆಯ ಮುಖ ನೋಡಿ, ಕೈ ಇಳಿಸಿದರು. ಅರವತ್ತರ ಹತ್ತಿರ ಬಂದ ಮಗ, ಕಾರ್ಖಾನೆಯಲ್ಲಿ ನಲವತ್ತು ಜನಕ್ಕೆ ಆಜ್ಞೆ ಮಾಡುವವರು, ಒಂದು ಒಣಗಿದ ಸೀರೆಯನ್ನು ಮುಟ್ಟಲಾರದೆ ನಿಂತರು. ಮುಟ್ಟಿದರೆ ಮುದುಕಿ ಆ ಹೊತ್ತಿನಲ್ಲಿ ಮತ್ತೆ ಒಗೆಯುತ್ತಾರೆ, ಒಗೆಯಲು ಹೋಗಿ ಮತ್ತೆ ಜಾರುತ್ತಾರೆ ಎಂಬ ಭಯ ನಮಗೆಲ್ಲರಿಗೂ.

ನನಗೂ ತಾಳ್ಮೆ ತಪ್ಪಿತು. ಕಚೇರಿಯಲ್ಲಿ ಇರುವಾಗಲೂ ಅಕ್ಕನ ಫೋನು, ಬಂದರೆ ಮನೆಯಲ್ಲೂ ಅದೇ ಮಾತು. ಒಂದು ಸಂಜೆ ಅತ್ತೆಯ ಎದುರು ನಿಂತು, ನಿಮ್ಮ ಈ ಹಟಕ್ಕೆ ದಿನಾ ಉತ್ತರ ಕೊಡುವವಳು ನಾನು, ನನಗೂ ಸಾಕಾಗಿದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅರವತ್ತಕ್ಕೆ ಅರುಳು ಮರುಳು ಎನ್ನುತ್ತಾರೆ, ಇವರಿಗೆ ಇಪ್ಪತ್ತು ವರ್ಷ ತಡವಾಗಿ ಬಂದಿದೆ ಎಂದು ಮನಸ್ಸಿನಲ್ಲೂ ಅಂದುಕೊಂಡೆ. ಅತ್ತೆ ಹೂಬತ್ತಿ ಹೊಸೆಯುತ್ತಲೇ ಇದ್ದರು. ಇವತ್ತಿಗೂ ಆ ಮಾತನ್ನು ನೆನೆದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಅದಾಗಿ ನಾಲ್ಕೈದು ದಿನಕ್ಕೆ ನನ್ನ ಲೋಕಲ್ ಮುಂಬ್ರಾ ದಾಟಿ ದಿವಾ ಸ್ಟೇಷನ್ನಿನ ಮೊದಲು ನಿಂತುಬಿಟ್ಟಿತು. ಕಾಲು ಗಂಟೆ, ಅರ್ಧ ಗಂಟೆ, ಕದಲಲಿಲ್ಲ. ಮನೆಯ ಫೋನಿಗೆ ಮಾಡಿ ಅತ್ತೆಗೆ, ಗಾಡಿ ನಿಂತಿದೆ, ತಡವಾಗುತ್ತದೆ ಎಂದೆ. ಫೋನು ಇಟ್ಟ ಕೂಡಲೇ ಕ್ಯಾಮೆರಾ ಟಣ್ ಎಂದಿತು. ಪಾರಿವಾಳವೋ ಏನೋ ಎಂದು ತೆರೆದೆ. ಅತ್ತೆ ಹಾಲ್‌ನ ನಡುವೆ ನಿಂತಿದ್ದರು. ಕೈಯಲ್ಲಿ ಮಡಿಕೋಲು, ಕೋಲಿನ ತುದಿಯಲ್ಲಿ ಸೀರೆ. ಗಡಿಯಾರವನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ ಸೀರೆಯನ್ನು ಬಾಲ್ಕನಿಗೇ ವಾಪಸು ತೆಗೆದುಕೊಂಡು ಹೋದರು.

ನಾನು ಫೋನನ್ನು ಕೆಳಗಿಡಲಿಲ್ಲ. ಹೊಗೆಯ ಹಾಗೆ ಏನೋ ಒಂದು ತಲೆಯಲ್ಲಿ ಎದ್ದಿತ್ತು. ಗಾಡಿ ಹೊರಟು ದಿವಾ ದಾಟಿದ ಮೇಲೆ ಮತ್ತೆ ಮನೆಗೆ ಮಾಡಿ, ಇನ್ನು ಅರ್ಧ ಗಂಟೆಯಲ್ಲಿ ಬಂದೆ ಎಂದೆ. ರಿಕ್ಷಾದ ಕ್ಯೂನಲ್ಲಿ ನಿಂತಾಗ ಟಣ್ ಎಂದಿತು. ಅತ್ತೆ ಸೀರೆ ತಂದರು, ಹಗ್ಗಕ್ಕೆ ಹಾಕಿದರು, ಎರಡು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾವನ್ನೇ ನೋಡಿದರು. ಸೀರೆ ಸ್ವಲ್ಪ ಎಡಕ್ಕಿತ್ತು. ಕೋಲಿನಿಂದ ಒಂದು ಗೇಣು ಬಲಕ್ಕೆ ತಳ್ಳಿದರು. ಪರದೆ ಪೂರ್ತಿ ಇಟ್ಟಿಗೆ ಬಣ್ಣವಾಯಿತು.

ಕ್ಯಾಮೆರಾದಲ್ಲಿ ಒಂದು ವಾರದ ಹಳೆಯ ಚಿತ್ರಗಳು ಉಳಿದಿರುತ್ತವೆ. ಕ್ಯೂನಲ್ಲಿ ನಿಂತೇ ಒಂದೊಂದು ದಿನವನ್ನೂ ತೆಗೆದು ನೋಡಿದೆ. ಏಳೂವರೆಗೆ ಸೀರೆ ಬರುತ್ತಿತ್ತು, ಎಂಟು ಹೊಡೆದು ನಾನು ಅಡುಗೆಮನೆಗೆ ಹೋದ ಮೇಲೆ, ಒಲೆಯೆದುರು ನಿಂತ ನನ್ನ ಬೆನ್ನ ಹಿಂದಿನಿಂದಲೇ, ನಾನು ಗಮನಿಸದ ಹಾಗೆ, ಬಾಲ್ಕನಿಗೆ ಮರಳುತ್ತಿತ್ತು. ನನಗೆ ರಜೆಯಿದ್ದ ಭಾನುವಾರ ಸೀರೆ ಹಾಲ್‌ಗೆ ಬಂದೇ ಇರಲಿಲ್ಲ. ಅಂದು ಗಾಳಿಯಲ್ಲಿ ವಾಸನೆ ಇತ್ತು, ನನಗೆ ನೆನಪಿದೆ, ಇಡೀ ದಿನ ಕಿಟಕಿ ಮುಚ್ಚಿದ್ದೆವು. ಹಿಂದಿನಿಂದ ಯಾರೋ "ಚಲಾ ಮ್ಯಾಡಮ್, ಪುಢೇ ಚಲಾ" ಎಂದು ತಳ್ಳಿದಾಗಲೇ ನನಗೆ ಎಚ್ಚರವಾದದ್ದು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅತ್ತೆ ಅದನ್ನು ಮಡಿಕೋಲಿನಲ್ಲೇ ಮಾಡಿ ತೋರಿಸಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಅಧಿಕಾರ, ಯಾರೂ ಮುಟ್ಟಲಾರದ ಒಂದು ಬಟ್ಟೆ. ಅದನ್ನೇ ತಂದು ನನಗೆ ಅಡ್ಡ ಹಿಡಿದಿದ್ದರು. ಅಂದು ಮನೆಗೆ ಹೋಗಿ ಕಾಲು ತೊಳೆದು ಸೋಫಾದ ಮೇಲೆ ಕೂತೆ. ನನಗೆ ಗೊತ್ತಾಯಿತು ಎಂದು ಹೇಳಲಿಲ್ಲ. ಅಳು ಬರುತ್ತಿತ್ತು, ಅಳಲಿಲ್ಲ. ಹೇಳಿದ್ದರೆ ಅದು ಉಪಕಾರವಾಗುತ್ತಿತ್ತು, ನಾನು ಕೃತಜ್ಞತೆ ತೋರಿಸಬೇಕಾಗುತ್ತಿತ್ತು, ಅದಕ್ಕೂ ಮತ್ತೆ ಎದ್ದು ನಿಲ್ಲಬೇಕು. ಮೂರು ವಾರ ಹೀಗೇ ನಡೆಯಿತು. ನನ್ನ ಇಪ್ಪತ್ತು ನಿಮಿಷ ನನಗೆ ಮರಳಿ ಬಂದಿತ್ತು.

ಆದರೆ ನಾನು ನೋಡಿದ ಚಿತ್ರಗಳನ್ನು ನೆರೂಳದ ಅಕ್ಕನೂ ನೋಡಿದ್ದರು. ನನ್ನ ಗಾಡಿ ಎಷ್ಟಕ್ಕೆ ಬರುತ್ತದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ಅವರಿಗೆ ಕಂಡದ್ದು, ಎಂಬತ್ತೊಂದರ ತಾಯಿ ಒಣಗಿದ ಸೀರೆಯನ್ನು ಬಾಲ್ಕನಿಯಿಂದ ಹಾಲ್‌ಗೆ, ಹಾಲ್‌ನಿಂದ ಬಾಲ್ಕನಿಗೆ ಸಾಗಿಸುತ್ತಿರುವುದು. ವಾಸನೆಗೆಂದು ಒಳಗೆ ತಂದವರು ಅರ್ಧ ಗಂಟೆಯಲ್ಲಿ ಅದೇ ವಾಸನೆಗೆ ಯಾಕೆ ಕೊಂಡೊಯ್ಯಬೇಕು? ಅಮ್ಮನಿಗೆ ಮರೆವು ಶುರುವಾಗಿದೆ ಎಂದು ಅವರು ತೀರ್ಮಾನ ಮಾಡಿದರು. ತಮ್ಮನಿಗೆ ಫೋನು ಮಾಡಿ ಅತ್ತರು. ಭಾನುವಾರ ಬಂದೇ ಬಿಟ್ಟರು, ಇನ್ನೊಂದು ಕ್ಯಾಮೆರಾದ ಡಬ್ಬಿಯನ್ನೂ ಒಂದು ನಿರ್ಧಾರವನ್ನೂ ಹಿಡಿದುಕೊಂಡು. ಅಮ್ಮ ಇನ್ನು ಒಬ್ಬರೇ ಇರುವುದು ಬೇಡ, ನೆರೂಳಕ್ಕೆ ಬರಲಿ, ಅಲ್ಲಿ ಹಗಲಿಗೆ ಒಬ್ಬ ನರ್ಸನ್ನು ಇಡೋಣ. ಹೋಗುವ ತನಕ ಎದುರಿನ ಗೋಡೆಗೆ ಎರಡನೇ ಕ್ಯಾಮೆರಾ ಇರಲಿ.

ಅತ್ತೆಗೆ ನೆರೂಳ ಎಂದರೇನೆಂದು ನನಗೆ ಗೊತ್ತಿತ್ತು. ಅಕ್ಕ ಒಳ್ಳೆಯವರು, ಮನೆ ದೊಡ್ಡದು. ಆದರೆ ಅಲ್ಲಿಯ ಅಡುಗೆಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಜೊತೆ ಮೊಮ್ಮಗನ ಮೊಟ್ಟೆಗೂ ಒಂದು ಬಾಣಲೆಯಿದೆ. ಅಲ್ಲಿ ಅತ್ತೆಗೆ ಮಡಿಯಿಲ್ಲ, ಒಲೆಯಿಲ್ಲ, ಕೋಲಿಲ್ಲ. ಅಳಿಯನ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಅವರು ಎಂದೂ ನಿಂತವರಲ್ಲ. ಅಲ್ಲಿಗೆ ಹೋದರೆ ಅವರು ದಿವಾನದ ಮೇಲೆ ಮಲಗಿರುವ ರೋಗಿ, ಅಷ್ಟೇ.

ಕಾಫಿ ಆಯಿತು. ಅಕ್ಕ ದಿವಾನದ ಮೇಲೆ ತಾಯಿಯ ಪಕ್ಕ ಕೂತು, ಅವರ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ತುಳುವಿನಲ್ಲಿ ಮೆಲ್ಲಗೆ ಕೇಳಿದರು. ಇಷ್ಟು ವರ್ಷದಲ್ಲಿ ಅಷ್ಟು ತುಳು ನನಗೂ ಅರ್ಥವಾಗುತ್ತದೆ. ಸಂಜೆ ಸೀರೆಯನ್ನು ಯಾಕೆ ಇಲ್ಲಿ ತಂದು ಹಾಕುತ್ತೀ ಅಮ್ಮ, ಮತ್ತೆ ಯಾಕೆ ತೆಗೆಯುತ್ತೀ ಎಂದು. ಅತ್ತೆ ಒಂದು ಸಲ, ಒಂದೇ ಸಲ, ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ಅಕ್ಕನಿಗೆ, ಗೊತ್ತಾಗುವುದಿಲ್ಲ, ಈಗೀಗ ಮರೆತು ಹೋಗುತ್ತದೆ ಎಂದರು.

ಅಕ್ಕನ ಕಣ್ಣು ತುಂಬಿತು. ನನ್ನವರು ತಲೆ ತಗ್ಗಿಸಿ, ಬಿಡು ಅಕ್ಕ, ನೀನು ಹೇಳಿದ ಹಾಗೆಯೇ ಮಾಡೋಣ ಎಂದರು. ನಾಲ್ಕು ಮಾತಿನಲ್ಲಿ ಅತ್ತೆಯ ಮನೆ ಬದಲಾಯಿತು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಲೋಟ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಬರುವಷ್ಟು ಹೊತ್ತು. ನಾನೇನು ಹೇಳಬೇಕಿತ್ತು? ಈ ಮನೆಯಲ್ಲಿ ಸೊಸೆ ಕೂರಲಿ ಎಂದು ಅತ್ತೆ ಸೀರೆ ಹಿಡಿದರು ಎಂದೇ? ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು, ಐವತ್ತೊಂದು ವರ್ಷದ ಹೆಂಗಸಿಗೆ.

"ಅತ್ತಿಯವ್ರಿಗೆ ಏನೂ ಮರ್ತಿಲ್ರಿ ಅಕ್ಕಾ," ಎಂದೆ. "ನಾ ಬರೋ ಹೊತ್ತಿಗೆ ಸೀರಿ ಹಾಕ್ತಾರ. ನಾ ಸ್ವಲ್ಪ ಕೂಡ್ಲಿ ಅಂತ."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಳಿಚಿತು. "ಕೂತ್ಕೊಳ್ಬೇಡ ಅಂತ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜಕ್ಕೂ ನೊಂದೇ ಕೇಳಿದರು. ನಾನು ಅಮ್ಮನನ್ನು ಮಾತ್ರ ನೋಡುವುದು, ನೀನು ಸೋಫಾದ ಮೇಲೆ ಇದ್ದೀಯೋ ಇಲ್ಲವೋ ನನ್ನ ಗಮನಕ್ಕೂ ಬರುವುದಿಲ್ಲ ಎಂದರು. ಅದು ಸುಳ್ಳಲ್ಲ ಎಂದು ನನಗೆ ಅನಿಸಿತು. ಅಷ್ಟು ಸಂಜೆ ನಾನು ಎದ್ದು ನಿಂತದ್ದು, ನನ್ನನ್ನು ನೋಡದೇ ಇದ್ದವರ ಎದುರು.

ಉತ್ತರ ಕೊಟ್ಟದ್ದು ಅತ್ತೆ. ಅಕ್ಕನೊಡನೆ ತುಳುವಿನ ಹೊರತು ಇನ್ನೊಂದು ಭಾಷೆ ಆಡದವರು ಆ ಮಾತನ್ನು ನನಗೂ ಕೇಳಲಿ ಎಂದೋ ಏನೋ ಕನ್ನಡದಲ್ಲಿ ಆಡಿದರು. "ಯಾರೂ ಹೇಳ್ಲಿಲ್ಲ. ಹೇಳಿದ್ರೆ ಅವಳೇ ಉತ್ತರ ಕೊಡ್ತಿದ್ಲು. ಹೇಳ್ಲಿಲ್ಲ ಅಲ್ವಾ, ಅದಕ್ಕೇ ನಾನು ಸೀರೆ ಹಾಕಿದ್ದು."

ಹೊಸದು ಬೇಡ, ಇರುವುದನ್ನೂ ಕಿತ್ತುಬಿಡೋಣ ಎಂದು ಅಕ್ಕ ಹೇಳಿದರು. ಅತ್ತೆಯೇ ಬೇಡ ಎಂದರು. ಜಾರಿ ಬಿದ್ದ ಆ ಎರಡು ಗಂಟೆಯನ್ನು ಅವರೂ ಮರೆತಿರಲಿಲ್ಲ. ಹಗಲಿಗೆ ಕ್ಯಾಮೆರಾ ಇರಲಿ ಎಂದಾಯಿತು. ನೆರೂಳದ ಮಾತು ಅಲ್ಲಿಗೇ ನಿಂತಿತು. ಸಂಜೆ ಏಳರ ಮೇಲೆ ತಾನು ಆ್ಯಪ್ ತೆರೆಯುವುದಿಲ್ಲ ಎಂದು ಅಕ್ಕ ನನಗೆ ಹೇಳಿ, ಹೊರಡುವಾಗ ನನ್ನ ಬೆನ್ನು ಸವರಿದರು. ಎರಡನೇ ಡಬ್ಬಿಯನ್ನು ಬಿಚ್ಚದೆ ವಾಪಸು ಒಯ್ದರು. ನನ್ನವರು ಅವರನ್ನು ಬಸ್ಸಿಗೆ ಬಿಟ್ಟು ಬಂದು, ನೀನು ನನಗಾದರೂ ಹೇಳಬಹುದಿತ್ತು ಎಂದರು. ಹೇಳಿದ್ದೆ ಎಂದೆ. ಅವರಿಗೆ ನೆನಪಾಗಲಿಲ್ಲ.

ಸೋಮವಾರ ಏಳೂ ನಲವತ್ತಕ್ಕೆ ಮನೆಗೆ ಬಂದೆ. ಹಗ್ಗ ಖಾಲಿಯಿತ್ತು. ಇನ್ನು ಸೀರೆಯ ಅಗತ್ಯವಿಲ್ಲವಲ್ಲ. ಕಾಲು ತೊಳೆದು ಸೋಫಾದ ಮೇಲೆ ಕೂತು ಟೀಪಾಯಿಯ ಮೇಲೆ ಕಾಲು ಚಾಚಿದೆ. ಅಕ್ಕ ಮಾತಿಗೆ ತಪ್ಪುವವರಲ್ಲ, ಆ ಹೊತ್ತಿಗೆ ಯಾರೂ ನೋಡುತ್ತಿರಲಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ನೀಲಿ ದೀಪ ಮಿನುಗಲಿಲ್ಲ, ಸ್ವರ ಬರಲಿಲ್ಲ. ಆದರೂ ಬೆನ್ನು ಸೋಫಾಕ್ಕೆ ಒರಗಲಿಲ್ಲ. ಎರಡು ನಿಮಿಷಕ್ಕೆ ಕಾಲು ತಾನಾಗಿ ಕೆಳಗಿಳಿಯಿತು. ನಾಲ್ಕನೇ ನಿಮಿಷಕ್ಕೆ ನಾನು ಎದ್ದು ನಿಂತಿದ್ದೆ, ಕೈಯಲ್ಲಿ ಕಟ್ಟೆ ಒರೆಸುವ ಬಟ್ಟೆ ಬಂದಿತ್ತು. ಮಂಗಳವಾರವೂ ಹಾಗೆಯೇ. ಕೂರು ಎಂದು ಎಲ್ಲರೂ ಹೇಳಿಯಾಗಿತ್ತು, ಮೈ ಮಾತ್ರ ಕೇಳುತ್ತಿರಲಿಲ್ಲ.

ಬುಧವಾರ ಬಂದು ಚೀಲವನ್ನೂ ಇಳಿಸದೆ ಅತ್ತೆಯ ದಿವಾನದ ಎದುರು ನಿಂತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅವರ ಹತ್ತಿರ ನನಗಾಗಿ ಏನನ್ನೂ ಕೇಳಿದವಳಲ್ಲ ನಾನು.

"ಅತ್ತೀ," ಎಂದೆ, "ಆ ಸೀರಿ ಒಂದಿಷ್ಟು ಹಾಕ್ತೀರೇನು?"

ಅತ್ತೆ ಯಾಕೆಂದು ಕೇಳಲಿಲ್ಲ. ಬತ್ತಿಯ ತಟ್ಟೆಯನ್ನು ಬದಿಗಿಟ್ಟು, ಮೊಣಕಾಲಿಗೆ ಕೈಕೊಟ್ಟು ನಿಧಾನವಾಗಿ ಎದ್ದು, ಕೋಲು ತರಲು ಬಾಲ್ಕನಿಗೆ ಹೋದರು.